ಮುರುಗೆಪ್ಪ ಸೀರಿಯಸ್ ಇಲ್ಲದಿರುವ ಕುರಿತು

ಇಂದ:
ಮುರುಗೆಪ್ಪ, ಲೆಕ್ಕದ ಗುಮಾಸ್ತ

ಗೆ:
ಶ್ರೀ ಕುಶಲ ಶೆಟ್ಟರು, ಹೋಟೆಲ್ ಮಾಲೀಕರು, ಶಿವಾಜಿನಗರ, ಪುಣೆ
೧೪-೫-೧೯೯೭

ವಿಷಯ: ಒಂದು ಇಂಗ್ಲಿಷ್ ಗುಣವಾಚಕದಿಂದ ಅರ್ಜಿದಾರನಿಗೆ ಆದ ತೊಂದರೆ ಹಾಗೂ ಮದುವೆ ರಜೆ.

ಉಲ್ಲೇಖ: ತಾವು ಗುಲ್ಬರ್ಗಾದವರೊಂದಿಗೆ ಫೋನಿನಲ್ಲಿ ಆಡಿದ ಮಾತು.

ಮಾನ್ಯರೇ,

ಅರ್ಜಿದಾರನು ತಮ್ಮಲ್ಲಿ ನಿವೇದಿಸಿಕೊಳ್ಳುವುದೇನೆಂದರೆ:

೧. ಗುಲ್ಬರ್ಗಾದ ಅಂಬಾರಾಯರ ಮಗಳು ರೇಣುವಿನೊಂದಿಗೆ ಅರ್ಜಿದಾರನ ಮದುವೆಯ ಮಾತು ನಡೆದಿತ್ತು. ಹುಡುಗನ ನಡತೆ ವಿಚಾರಿಸಲು ಅಂಬಾರಾಯರು ಫೋನು ಮಾಡಿದಾಗ ತಾವು, ಇಂಗ್ಲಿಷಿನ ಮೇಲಿನ ಪ್ರೀತಿಯಿಂದ, “ಮುರುಗೆಪ್ಪ ಭಾರೀ ಸೀರಿಯಸ್ ಮಾರಾಯ್ರೆ” ಎಂದಿರಿ. ಅಷ್ಟರಲ್ಲಿ ಲೈನು ಕಡಿಯಿತು.

೨. ಗುಲ್ಬರ್ಗಾದಲ್ಲಿ ಸೀರಿಯಸ್ ಎಂದರೆ ಮನುಷ್ಯ ಇವತ್ತೋ ನಾಳೆಯೋ ಎಂದರ್ಥ. ಆದಕಾರಣ ಅಂಬಾರಾಯರು, ಅವರ ಹೆಂಡತಿ ಚಂದಮ್ಮ ಮತ್ತು ರೇಣು ಸಿಕ್ಕ ರೈಲು ಹತ್ತಿ, ಮೋಸಂಬಿ ಚೀಲ ಹಿಡಿದು, ಅಳುತ್ತ ನೇರ ಹೋಟೆಲಿಗೇ ಬಂದರು. ಆಗ ಅರ್ಜಿದಾರನು ಮಸಾಲೆ ದೋಸೆ ತಿನ್ನುತ್ತಿದ್ದನು. ಅವರನ್ನು ಕಂಡು ಏನು ಮಾಡಬೇಕೆಂದು ತಿಳಿಯದೆ ತಿನ್ನುವುದನ್ನೇ ಮುಂದುವರಿಸಿದನು.

೩. “ನಾವು ದಾರಿಗುಂಟ ಅತ್ಕೋತ ಬಂದೇವ್ರಿ, ನೀವು ನೋಡಿದ್ರ ದ್ವಾಸಿ ತಿನ್ಲಿಕತ್ತೀರಿ,” ಎಂದರು ಚಂದಮ್ಮನವರು. ಬದುಕಿದ್ದಕ್ಕೆ ಕ್ಷಮೆ ಕೇಳಬೇಕೋ ಹೇಗೋ ಅರ್ಜಿದಾರನಿಗೆ ತೋಚಲಿಲ್ಲ.

೪. ತಾವು ಗಲ್ಲಾ ಬಿಟ್ಟೆದ್ದು ಬಂದು, “ಸೀರಿಯಸ್ ಅಂದ್ರೆ ಕಾಯಿಲೆ ಅಲ್ಲ ಮಾರಾಯ್ರೆ, ಗಂಭೀರ,” ಎಂದು ಕನ್ನಡದಲ್ಲಿ ತಿಳಿಸಿದಿರಿ.

“ನಾವೂ ಅದನ್ನ ಅನ್ನೂದ್ರಿ,” ಎಂದರು ಅಂಬಾರಾಯರು. “ಪೇಪರ್‌ನಾಗ ಪರಿಸ್ಥಿತಿ ಗಂಭೀರ ಅಂತ ಬಂದ ಮರುದಿನ ಶ್ರದ್ಧಾಂಜಲಿ ಫೋಟೊ ಬರ್ತದ.”

ಆದ್ದರಿಂದ ತಾವು ಇನ್ನಷ್ಟು ಬಿಡಿಸಿ, “ಅಂದ್ರೆ, ಹುಡುಗ ನಗುವುದೇ ಇಲ್ಲ,” ಎಂದಿರಿ.

೫. ಇದನ್ನು ಕೇಳಿದ ರೇಣು, “ನಗಲಾರದವರ ಜೋಡಿ ನಾ ಬಾಳೇ ಮಾಡಂಗಿಲ್ಲಪ್ಪ. ಜಡ್ಡರ ಇದ್ದಿದ್ರ ಛಲೋ ಇತ್ತು, ಅದಕ್ಕ ಔಷಧ ಇರ್ತದ,” ಎಂದಳು. ಈ ಕಾರಣ ಅರ್ಜಿದಾರನಿಗೆ ತಡೆಯಲಾರದ ನಗು ಬಂದು, ದೋಸೆ ಗಂಟಲಿಗೆ ಸಿಕ್ಕಿ, ಕಣ್ಣು ಮೇಲಾಗಿ, ಅವನು ನಿಜವಾಗಿಯೂ ಸೀರಿಯಸ್ ಆದನು. ರೇಣುವೇ ಬೆನ್ನಿಗೆ ಗುದ್ದಿ ಉಳಿಸಿದಳು. ಗುದ್ದು ಇನ್ನೂ ನೋಯುತ್ತದೆ. ಆ ಬಗ್ಗೆ ಅರ್ಜಿದಾರನ ದೂರಿಲ್ಲ. “ನಗು ಬರ್ತದ ಇವರಿಗೆ. ನಡೀತದ,” ಎಂದು ಆಕೆ ತಂದೆಗೆ ಹೇಳಿದಳು.

ಆದ್ದರಿಂದ, ಮದುವೆ ನಿಶ್ಚಯವಾಗಿರುವ ಕಾರಣ, ರಜೆ ಮಂಜೂರು ಮಾಡಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ, ಸದ್ಯ ಆರೋಗ್ಯವಂತ,
ಮುರುಗೆಪ್ಪ

ಲಗತ್ತು: ಲಗ್ನಪತ್ರಿಕೆ, ಕನ್ನಡದ್ದೊಂದು, ಮರಾಠಿಯದೊಂದು. ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿಲ್ಲ.

ವಿ.ಸೂ.: ತಾವು ಸಕುಟುಂಬ ಬರಬೇಕು. ಮಂಟಪದಲ್ಲಿ ಬೀಗರ ಪೈಕಿ ಯಾರಾದರೂ ಹುಡುಗ ಹೇಗೆ ಎಂದು ಕೇಳಿದಲ್ಲಿ, ತಾವು ಕೇವಲ ತಲೆಯಾಡಿಸಬೇಕಾಗಿ ವಿನಂತಿ.