ಕಾಲು ತುಳಿದು ತಂದ ಡ್ರಾ

ಹೊಲಿಗೆ ಮೆಷಿನ್ ತುಳಿದು ತುಳಿದು ನನ್ನ ಕಾಲಿಗೆ ಸುಮ್ಮನಿರುವ ಅಭ್ಯಾಸವೇ ತಪ್ಪಿಹೋಗಿದೆ. ಮನಸ್ಸಿಗೆ ಚೂರು ಕಳವಳವಾದರೆ ಸಾಕು, ಮೆಷಿನ್ ಇಲ್ಲದ ಕಡೆಯೂ ತುಳಿಯಲು ಶುರು. ಹಾಗಾಗಿ ನಗೆಪಾಟಲು ನನ್ನನ್ನು ಹುಡುಕಿಕೊಂಡೇ ಬರುತ್ತದೆ. ಮೊನ್ನೆಯಂತೂ ಒಂದೇ ದಿನ ಮೂರು ಸಲ ಬಂತು.

1. ಇಳಿಯುವಾಗ

ನಮ್ಮ ತಾಳವಾಡಿಯಿಂದ ಘಾಟಿ ಇಳಿದರೆ ಸಿಗುವ ಸತ್ಯಮಂಗಲದಲ್ಲಿ ಚೆಸ್ ಟೂರ್ನಮೆಂಟ್. ಗಿರಾಕಿ ಇಲ್ಲದ ಹೊತ್ತಲ್ಲಿ ಕಲಿತ ಆಟ, ಬಿಡಲು ಮನಸ್ಸಿಲ್ಲ. ಆದರೆ ದೊಡ್ಡಗಾಜನೂರಿನ ಮದುಮಗಳ ರವಿಕೆ ಅಂದೇ ಸಂಜೆ ಕೊಡಬೇಕು. ಒಂದು ತೋಳು ಹಿಂದಿನ ದಿನವೇ ಕೂರಿಸಿದ್ದೆ. ಇನ್ನೊಂದನ್ನು ಬಸ್ಸಿನ ಹಾರನ್ ಕೇಳುತ್ತಾ ಗಡಿಬಿಡಿಯಲ್ಲಿ ಕೂರಿಸಿ, ಹುಕ್ಕು ಹಾಕುವುದನ್ನು ಸಂಜೆಗೆ ಬಿಟ್ಟು, ಓಡಿಹೋಗಿ ಹತ್ತಿದೆ. ಘಾಟಿಯ ತಿರುವಿನಲ್ಲೆಲ್ಲ ರವಿಕೆಯದೇ ಯೋಚನೆ. ಕಾಲು ಶುರುವಾಯಿತು. ಪಕ್ಕದ ಅಜ್ಜಿ ಗಾಬರಿಯಾಗಿ ಕೇಳಿತು:

"ಯಾಕ್ಲಾ ಮಗ, ನೀನ್ ಇಂಗೆ ತುಳೀತಿದ್ದೀಯೆ? ಬಸ್ಸಿಗೆ ಬ್ರೇಕ್ ಇಲ್ವಾ?"

2. ಆಡುವಾಗ

ಕೊನೆಯ ಸುತ್ತಿನಲ್ಲಿ ಎದುರಿಗೆ ಕೊಯಮತ್ತೂರಿನ ಕಾಲೇಜು ಹುಡುಗಿ. ರೇಟಿಂಗ್ ನನಗಿಂತ ಐನೂರು ಹೆಚ್ಚು. ಕಡೇ ಬಸ್ಸು ತಪ್ಪಿದರೆ ಮದುಮಗಳಿಗೆ ರವಿಕೆ ಇಲ್ಲ. ಗಡಿಯಾರ ನೋಡಿದಷ್ಟೂ ಕಾಲು ಜೋರಾಯಿತು. ಮೇಜು ನಡುಗಿತು, ಅವಳ ರಾಣಿಯೂ ನಡುಗಿದಳು. ತೀರ್ಪುಗಾರರು ಬಂದು ತಮಿಳಿನಲ್ಲಿ ಗದರಿದರು. ಕಾಲು ನಿಲ್ಲಿಸಿದೆ, ತಲೆಯೂ ನಿಂತುಹೋಯಿತು. ಅವರು ಅತ್ತ ಹೋದದ್ದೇ ತಡ, ಮತ್ತೆ ಶುರು. ಅವಳದೇ ಮೇಲುಗೈ, ಆದರೆ ಗೆಲ್ಲಲು ಇನ್ನೂ ಒಂದು ಗಂಟೆ ಕೂರಬೇಕಿತ್ತು. ಕೊನೆಗೆ ಹುಡುಗಿಯೇ ಕೈ ಚಾಚಿದಳು:

"ಡ್ರಾ ಅಣ್ಣಾ! ಇನ್ನು ಸ್ವಲ್ಪ ಹೊತ್ತು ಕೂತರೆ ಘಾಟಿ ಬಸ್ಸಲ್ಲಿ ಬಂದ ಹಾಗೆ ವಾಂತಿ ಆಗುತ್ತೆ."

3. ಹತ್ತಿ ಬಂದ ಮೇಲೆ

ಬಸ್ಸು ಸಿಕ್ಕಿತು. ಹಾಸನೂರಿನ ಹತ್ತಿರ ಕಬ್ಬಿನ ಲಾರಿ ಕಾಯುತ್ತಾ ಒಂದು ಆನೆ ರಸ್ತೆಗೆ ಅಡ್ಡ ನಿಂತಿತ್ತು. ಎಲ್ಲರೂ ಉಸಿರು ಬಿಗಿಹಿಡಿದು ಕೂತರು; ನಾನು ತುಳಿಯುತ್ತಾ ಕೂತೆ. ಅಂತೂ ತಾಳವಾಡಿ ಮುಟ್ಟಿದರೆ, ಅಂಗಡಿ ಮೆಟ್ಟಿಲ ಮೇಲೆ ಮದುಮಗಳ ತಾಯಿ.

"ಎಲ್ಗೋಗಿದ್ದೆ ಟೈಲರಣ್ಣ? ಬೆಳಗಾದ್ರೆ ಧಾರೆ ಕಣಪ್ಪ!"

ಹುಕ್ಕು ಹಾಕುತ್ತಾ, ಹೆಮ್ಮೆ ತಡೆಯಲಾರದೆ ಹೇಳಿಯೇಬಿಟ್ಟೆ:

"ಅಕ್ಕ, ಇವತ್ತು ಭಾರಿ ದೊಡ್ಡ ಆಟಗಾರ್ತಿ ಜೊತೆ ಡ್ರಾ ಮಾಡ್ಕಂಡ್ ಬಂದೆ."

"ಅಂಗಂದ್ರೆ?"

"ಅವ್ಳೂ ಗೆಲ್ನಿಲ್ಲ, ನಾನೂ ಸೋಲ್ನಿಲ್ಲ. ಇಬ್ರೂ ಸಮ."

ಆಕೆ ರವಿಕೆ ಇಸ್ಕೊಂಡು, ಲೈಟಿಗೆ ಎತ್ತಿ ಹಿಡಿದು, ಎರಡು ತೋಳನ್ನೂ ಜೋಡಿಸಿ ನೋಡಿದಳು.

"ಅಷ್ಟ್ ದೂರ ಓಗಿ ಅವಳ್ನೂ ನಿನ್ನೂ ಸಮ ಮಾಡ್ಕಂಡ್ ಬಂದಿದ್ದೀಯೆ. ಇಲ್ಲೇ ಕೂತ್ಕಂಡು ಈ ಎರಡು ತೋಳ ಸಮ ಮಾಡಕ್ಕೆ ಆಗ್ನಿಲ್ವಾ?"