ಕೊಸಿಮತ್ತೆಗೆ ತಿಳಿಯದ ಹಾಗೆ ಒಂದು ಹೋಟೆಲು

ಆಗಸ್ಟ್ ಬಂತೆಂದರೆ ಒಳನಾಡಿನ ಊರಾದ ಅಲ್ತಮೂರದ ಗಂಡಸರು ಸಮುದ್ರಕ್ಕೆ ಹೋಗುತ್ತಾರೆ, ಹೆಂಗಸರು ಸಮುದ್ರದ ಪಕ್ಕದ ಅಡುಗೆಮನೆಗೆ ಹೋಗುತ್ತಾರೆ. ಎರಡಕ್ಕೂ ಹೆಸರು ರಜೆಯೇ. ಈ ಅನ್ಯಾಯದ ಬಗ್ಗೆ ಯಾವ ಪತ್ರಿಕೆಯೂ ಒಂದು ಸಾಲು ಬರೆಯುವುದಿಲ್ಲ. ಬರೆಯಬೇಕಾದ ಮಹಾಶಯರೂ ಆ ತಿಂಗಳು ಮರಳಿನ ಮೇಲೆ ಅಂಗಾತ ಬಿದ್ದಿರುತ್ತಾರೆ. ಅವರ ಹೆಂಡತಿಯರು ಎಲ್ಲೋ ಬದನೆಕಾಯಿ ಕರಿಯುತ್ತಿರುತ್ತಾರೆ.

ಡೊನಾಟಾ ಬದನೆಕಾಯಿ ಕರಿಯುತ್ತಿದ್ದದ್ದು ತ್ರಾನಿಯಲ್ಲಿ, ಗಂಡನ ಸೋದರತ್ತೆ ಕೊಸಿಮಾಳ ಮನೆಯಲ್ಲಿ. ಮದುವೆಯಾದ ವರ್ಷದಿಂದ ಒಂದು ಆಗಸ್ಟೂ ತಪ್ಪಿರಲಿಲ್ಲ. ಆ ಊರಿಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ನೀರಿನಂಚಿಗೇ ಎದ್ದು ನಿಂತ ಬಿಳಿಕಲ್ಲಿನ ಇಗರ್ಜಿಯ ಮುಂದೆ ಬಾಯಿ ತೆರೆದು ನಿಲ್ಲುತ್ತಾರೆ. ಡೊನಾಟಾ ಅದರೊಳಗೆ ಕಾಲಿಟ್ಟವಳಲ್ಲ. ಅವಳು ಕಂಡ ತ್ರಾನಿಯೆಂದರೆ ಕೊಸಿಮತ್ತೆಯ ಸಿಂಕಿನ ಮೇಲಿನ ಕಿಟಕಿಯಲ್ಲಿ ಕಾಣುವ, ಕರವಸ್ತ್ರದಷ್ಟಗಲದ ಸಮುದ್ರ. ತಲೆ ಎತ್ತಿದರೆ ನೀಲಿ, ತಗ್ಗಿಸಿದರೆ ಎಣ್ಣೆಜಿಡ್ಡು. ಊರಲ್ಲಿ ಬೇಕರಿ ನಡೆಸುವ ಅವಳ ಗಂಡ ವಿತಾಂಜೆಲೊ ಅಷ್ಟು ಹೊತ್ತಿಗೆ ಆ ಕರವಸ್ತ್ರದ ಆಚೆ ಎಲ್ಲೋ ಈಜುತ್ತಿರುತ್ತಿದ್ದ. ಅಳಿಯ ಬಂದಿದ್ದಾನೆಂದು ಕೊಸಿಮತ್ತೆ ಅರ್ಧ ಬೀದಿಯನ್ನೇ ಊಟಕ್ಕೆ ಕರೆಯುತ್ತಿದ್ದಳು. ಬೀದಿ ಉಂಡು ಕೈ ತೊಳೆದು ಹೋಗುತ್ತಿತ್ತು. ತಟ್ಟೆ ತೊಳೆಯಲು ಬೀದಿಗೆ ಬಿಡುವಿರಲಿಲ್ಲ.

ಈ ಜೂನ್‌ನಲ್ಲಿ ಒಂದು ಬೆಳಿಗ್ಗೆ ಡೊನಾಟಾಳಿಗೆ ಜ್ಞಾನೋದಯವಾಯಿತು. (ಬುದ್ಧನಿಗೆ ಮರದ ಕೆಳಗೆ ಆಯಿತು, ಇವಳಿಗೆ ಬ್ಯೂಟಿ ಪಾರ್ಲರಿನ ಕುರ್ಚಿಯಲ್ಲಿ, ತಲೆಗೆ ಬಣ್ಣ ಹಚ್ಚಿಸಿಕೊಂಡು ಕೂತಾಗ.) ಮನೆಗೆ ಬಂದವಳೇ ಗಂಡನ ಮುಂದೆ ನಿಂತು, ಈ ವರ್ಷ ತ್ರಾನಿಯಲ್ಲಿ ಹೋಟೆಲಿನಲ್ಲಿ ಇಳಿಯೋಣ ಎಂದಳು.

"ಯಾರು ಸತ್ತರು?" ಎಂದ ವಿತಾಂಜೆಲೊ.

ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಆ ಸೀಮೆಯಲ್ಲಿ ನೆಂಟರಿರುವ ಊರಿನಲ್ಲಿ ಹೋಟೆಲಿನಲ್ಲಿ ಇಳಿಯುವುದೆಂದರೆ ನೆಂಟರು ಸತ್ತಿರಬೇಕು, ಇಲ್ಲವೇ ಸಾಯಲಿ ಎಂದು ನೀವು ಬಯಸಿರಬೇಕು. ಸ್ವಂತ ಅತ್ತೆ ಬದುಕಿರುವಾಗ ಬಾಡಿಗೆ ದಿಂಬಿಗೆ ತಲೆಯಿಟ್ಟವನ ಹೆಸರು ಮೂರು ತಲೆಮಾರಿನ ತನಕ ಮದುವೆ ಮನೆಗಳಲ್ಲಿ ಓಡಾಡುತ್ತದೆ. ಹೋಟೆಲೇ ಬೇಕೆಂದರೆ ಬೇರೆ ಊರಿಗೆ ಹೋಗೋಣ, ತ್ರಾನಿಯೇ ಯಾಕೆ ಎಂದು ಅವನು ಗೋಗರೆದ.

"ಇಷ್ಟು ವರ್ಷ ಆ ಊರಿನ ಪಾತ್ರೆ ತೊಳೆದಿದ್ದೀನಿ ಕಣಯ್ಯ, ಈ ಸಲ ಊರು ನೋಡ್ತೀನಿ," ಎಂದಳು ಡೊನಾಟಾ. "ಯಾರೋ ಹಾಸಿದ ಹಾಸಿಗೇಲಿ ಮಲಗ್ತೀನಿ. ಯಾರೋ ಕಾಸಿದ ಕಾಫಿ ಕುಡೀತೀನಿ. ಕುಡಿದ ಲೋಟಾನ ಅಲ್ಲೇ ಬಿಟ್ಟು ಎದ್ದು ಬರ್ತೀನಿ. ಅದನ್ನ ಯಾರು ತೊಳೀತಾರೆ ಅಂತ ತಿರುಗಿ ಸಹ ನೋಡಲ್ಲ."

ಕೊನೆಯ ವಾಕ್ಯ ಹೇಳುವಾಗ ಅವಳ ಕಣ್ಣಲ್ಲಿ ಕಂಡ ಹೊಳಪನ್ನು ವಿತಾಂಜೆಲೊ ಮದುವೆಯ ದಿನವೂ ಕಂಡಿರಲಿಲ್ಲ. ಒಪ್ಪಿಕೊಂಡ.

ಅಂದಿನಿಂದ ಸಂಶೋಧನೆ ಶುರುವಾಯಿತು. ಡೊನಾಟಾ ಫೋನು ಹಿಡಿದು ಕೂತಳು. ಬಂದರಿನ ಎದುರಿನ ಹೋಟೆಲು ಕೇಳಿದ ಬಾಡಿಗೆಗೆ ಇವರ ಬೇಕರಿ ವಾರವಿಡೀ ಒಲೆ ಉರಿಸಬೇಕಿತ್ತು. ಇನ್ನೊಂದು ಅಗ್ಗವಾಗಿತ್ತು, 'ಸಮುದ್ರ ಕಾಣುವ ಕೋಣೆ' ಎಂದೂ ಬರೆದಿತ್ತು. ವಿಚಾರಿಸಿದರೆ, ಬಚ್ಚಲಿನ ಸ್ಟೂಲಿನ ಮೇಲೆ ನಿಂತು ಬಲಕ್ಕೆ ವಾಲಿದರೆ ಕಾಣುತ್ತದೆ, ತೆಳ್ಳಗಿನವರಿಗೆ ಇನ್ನೂ ಚೆನ್ನಾಗಿ ಕಾಣುತ್ತದೆ ಎಂದರು. ಮೂರನೆಯದರಲ್ಲಿ ಸಾಕುನಾಯಿಗೆ ಉಚಿತ ಪ್ರವೇಶವಿತ್ತು, ಗಂಡನಿಗೆ ಹೆಚ್ಚುವರಿ ಹಾಸಿಗೆಯ ದುಡ್ಡು. ನಾಯಿಯೊಂದಿಗೆ ಹೋಗುವ ಬಗ್ಗೆ ಡೊನಾಟಾ ಒಂದು ಕ್ಷಣ ಗಂಭೀರವಾಗಿಯೇ ಯೋಚಿಸಿದಳು. ಆದರೆ ಅವರ ಮನೆಯಲ್ಲಿ ನಾಯಿ ಇರಲಿಲ್ಲ.

ಕಡೆಗೆ ಸಿಕ್ಕಿತು. ಇಗರ್ಜಿಯ ಹಿಂದಿನ ಓಣಿಯಲ್ಲಿ ಸನ್ಯಾಸಿನಿಯರ ಒಂದು ಮಠ. ಮಠದಲ್ಲಿ ಸನ್ಯಾಸಿನಿಯರು ಕಡಿಮೆಯಾಗಿ ಕೋಣೆಗಳು ಹೆಚ್ಚಾಗಿದ್ದರಿಂದ ಬೇಸಿಗೆಯಲ್ಲಿ ಪ್ರವಾಸಿಗರಿಗೆ ಕೊಡುತ್ತಿದ್ದರು. ಬಾಡಿಗೆ ಪುಣ್ಯದಷ್ಟೇ ಕಡಿಮೆ. ಇಸ್ತ್ರಿ ಮಾಡಿದ ಹಾಸಿಗೆಬಟ್ಟೆ, ಬೆಳಗಿನ ತಿಂಡಿ, ಸಮುದ್ರದ ಗಾಳಿ. ಷರತ್ತುಗಳೂ ಇದ್ದವು: ರಾತ್ರಿ ಬಾಗಿಲು ಬೇಗ ಹಾಕುತ್ತಾರೆ, ಜೋರಾಗಿ ಮಾತಾಡುವಂತಿಲ್ಲ, ಮಂಚಗಳು ಬೇರೆ ಬೇರೆ.

"ಹೆಂಡತಿ ಜೊತೆ ರಜೆಗೆ ಅಂತ ಸನ್ಯಾಸಿನಿಯರ ಮಠಕ್ಕೆ ಹೋದವನು ನಾನೊಬ್ಬನೇ ಇರಬೇಕು," ಎಂದು ವಿತಾಂಜೆಲೊ ಗೊಣಗಿದ.

ಆದರೆ ಡೊನಾಟಾ ಹೂಡಿದ ವ್ಯೂಹದ ಜಾಣತನ ಇರುವುದೇ ಅಲ್ಲಿ. ತಾನು ಮುಖ್ಯ ಬಲಿಪೀಠಕ್ಕೆಂದು ಕಸೂತಿ ಹಾಕಿಕೊಟ್ಟ ಬಟ್ಟೆಯನ್ನು ಸಿಸ್ಟರುಗಳು ಮೂಲೆಯ ಪೀಠಕ್ಕೆ ಹೊದಿಸಿದರೆಂದು ಕೊಸಿಮತ್ತೆ ಆ ಮಠದ ಮೇಲೆ ಮುನಿಸಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಸತ್ತರೂ ಆ ಹೊಸ್ತಿಲು ತುಳಿಯುವುದಿಲ್ಲ ಎಂದು ಮೀನಿನ ಮಾರುಕಟ್ಟೆಯ ನಡುವೆ ನಿಂತು ಸಾರಿದ್ದಳು. ಇಡೀ ತ್ರಾನಿಯಲ್ಲಿ ಕೊಸಿಮತ್ತೆಯ ಕಣ್ಣಿಗೆ ಬೀಳದ ಜಾಗವೆಂದರೆ ಅದೊಂದೇ.

ಇನ್ನು ಸುಳ್ಳು ಹೇಳುವ ಕೆಲಸ ಉಳಿದಿತ್ತು. ವಿತಾಂಜೆಲೊ ಎರಡು ದಿನ ಕನ್ನಡಿಯ ಮುಂದೆ ನರಳಿ ಅಭ್ಯಾಸ ಮಾಡಿ ಅತ್ತೆಗೆ ಫೋನು ಹಚ್ಚಿದ. ಬೆನ್ನು ಹಿಡಿದುಕೊಂಡಿದೆ, ಡಾಕ್ಟರು ಬೆಟ್ಟಕ್ಕೆ ಹೋಗಿ ಎಂದಿದ್ದಾರೆ, ಸಮುದ್ರದ ಗಾಳಿ ಮುಟ್ಟಲೇಬಾರದಂತೆ ಎಂದು ಶುರುಮಾಡಿದ. ಅರ್ಧಕ್ಕೇ ಅತ್ತೆ ತಡೆದಳು. ಬರಲೇಬೇಡ ಮಗಾ, ಬೆನ್ನು ಮುಖ್ಯ, ನನ್ನ ಮನೆಗೂ ಸುಣ್ಣಬಣ್ಣದವರು ಬರುವವರಿದ್ದಾರೆ, ನೀನು ಬೆಟ್ಟಕ್ಕೇ ಹೋಗು, ಆಗಸ್ಟಿಡೀ ಇಳಿಯಬೇಡ ಎಂದಳು. ಫೋನು ಇಟ್ಟ ವಿತಾಂಜೆಲೊ ಕಣ್ಣೊರೆಸಿಕೊಂಡ. ಇಂಥ ಪ್ರೀತಿಯ ಜೀವಕ್ಕೆ ಮೋಸ ಮಾಡುತ್ತಿದ್ದೇವೆ ಎಂದು ಅವನಿಗೆ ಅಂದು ಪಾಸ್ತಾ ಇಳಿಯಲಿಲ್ಲ. (ಎರಡನೆಯ ತಟ್ಟೆ ಇಳಿಯಲಿಲ್ಲ ಎಂದು ಓದಿಕೊಳ್ಳಿ.)

ಹೊರಡುವ ದಿನ ಡೊನಾಟಾ ಹೊಸ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ಕಾಯುತ್ತಿದ್ದರೆ, ಗಂಡ ಮಗುವನ್ನೆತ್ತಿಕೊಂಡಂತೆ ಬಟ್ಟೆಯಲ್ಲಿ ಸುತ್ತಿದ ದೊಡ್ಡ ಬ್ರೆಡ್ಡನ್ನು ಎತ್ತಿಕೊಂಡು ಬಂದ. ಕರಾವಳಿಯವರ ಬ್ರೆಡ್ಡು ಹತ್ತಿ ತಿಂದ ಹಾಗಿರುತ್ತದೆ ಎನ್ನುವುದು ಅಲ್ತಮೂರದವರ ಧರ್ಮಶ್ರದ್ಧೆ. ಅದನ್ನು ಬಿಟ್ಟು ಮನೆಯಿಂದ ಕದಲು ಎಂದರೆ ಚರ್ಮ ಬಿಟ್ಟು ಬಾ ಎಂದ ಹಾಗೆ. ಹೋಟೆಲಿಗೆ ಯಾರಾದರೂ ಬ್ರೆಡ್ಡು ಹೊತ್ತುಕೊಂಡು ಹೋಗುತ್ತಾರೆಯೇ ಎಂದು ಡೊನಾಟಾ ಕೂಗಾಡಿದಳು. ಅವನು ಬ್ರೆಡ್ಡನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಅದಕ್ಕೆ ಬೆಲ್ಟು ಹಾಕಿದ.

ತ್ರಾನಿ ಅವಳನ್ನು ನಿರಾಸೆಗೊಳಿಸಲಿಲ್ಲ. ಕೋಣೆಗೆ ಹೊಕ್ಕವಳೇ ಹಾಸಿಗೆಯ ಮೇಲೆ ಕೈಯಾಡಿಸಿದಳು. ಒಂದು ಸುಕ್ಕಿಲ್ಲ. ಇನ್ನೊಬ್ಬರ ಕೈ ನೀವಿದ ಬಟ್ಟೆ ಎಷ್ಟು ತಣ್ಣಗಿರುತ್ತದೆ ಎಂದು ಅವಳಿಗೆ ಆವತ್ತೇ ಗೊತ್ತಾದದ್ದು. ಚಪ್ಪಲಿಯ ಸಮೇತ ಬಿದ್ದುಕೊಂಡು ಎರಡು ಸಲ ಕುಪ್ಪಳಿಸಿದಳು. ಗೋಡೆಯ ಮೇಲಿನ ಸಂತರು ಕಣ್ಣು ತಗ್ಗಿಸಿಕೊಂಡರು. ಸಂಜೆ ಅಗಲದ ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡು ಗಂಡನನ್ನು ಎಳೆದುಕೊಂಡು ಇಗರ್ಜಿಯೊಳಗೆ ಹೋದಳು. ಎತ್ತರದ ಕಲ್ಲುಕಂಬಗಳ ನಡುವೆ, ಕಾಲಡಿಯಲ್ಲೇ ಅಲೆಯ ಸದ್ದು ಕೇಳುವಲ್ಲಿ ಬಹಳ ಹೊತ್ತು ನಿಂತಳು. ಸಮುದ್ರ ಇಷ್ಟು ದೊಡ್ಡದಿದೆ ಎಂದು ಯಾಕೆ ಹೇಳಲಿಲ್ಲ ಎಂದು ಗಂಡನನ್ನು ಕೇಳಿದಳು. ಬಂದರಿನ ಕಟ್ಟೆಯ ಮೇಲೆ ಕೂತು ಬಾದಾಮಿಯ ಐಸ್ ತಿಂದಳು, ಬಟ್ಟಲನ್ನು ಅಲ್ಲೇ ಬಿಟ್ಟು ಎದ್ದಳು. ತಿರುಗಿ ನೋಡಬಾರದೆಂದಿದ್ದವಳು ಒಂದೇ ಒಂದು ಸಲ ನೋಡಿದಳು.

ಅಲ್ಲಿಂದ ನೀರಿನಾಚೆ ಕೊಸಿಮತ್ತೆಯ ಬಾಲ್ಕನಿ ಕಾಣುತ್ತಿತ್ತು. ಅತ್ತೆಯ ಕುರ್ಚಿಯಲ್ಲಿ ಹುರಿದ ಸಿಗಡಿಯಂತೆ ಕೆಂಪಗಾದ, ಬೆಳ್ಳಿಗೂದಲಿನ ಒಬ್ಬ ದಢೂತಿ ಅಂಗಿಯಿಲ್ಲದೆ ಬಿಯರು ಹೀರುತ್ತಿದ್ದ. ತಂತಿಯ ಮೇಲೆ ಈಜುಡುಗೆಗಳು ಒಣಗುತ್ತಿದ್ದವು.

"ಬಣ್ಣದವನು," ಎಂದ ವಿತಾಂಜೆಲೊ.

"ಬಣ್ಣಾನ ಗೋಡೆಗೆ ಹಚ್ಚೋ ಬದಲು ಮೈಗೇ ಹಚ್ಕೊಂಡಿದ್ದಾನೆ," ಎಂದಳು ಡೊನಾಟಾ. ಆದರೆ ಅವಳ ಬಾಯಲ್ಲಿನ್ನೂ ಬಾದಾಮಿಯ ಸಿಹಿ ಇತ್ತು. ಅನುಮಾನ ಪಡಲು ಪುರುಸೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ತಿಂಡಿಯ ಕೋಣೆಯಲ್ಲಿ ಅನರ್ಥವಾಯಿತು. ಡೊನಾಟಾ ರಾಣಿಯಂತೆ ಕೂತಿದ್ದಳು. ಮುದುಕಿ ಸಿಸ್ಟರ್ ಪೆರ್ಪೆತುವಾ ಕಾಫಿ ತಂದಿಟ್ಟು, ಹಾಲು ಬೇಕೇ ಮಗಳೇ ಎಂದು ಕೇಳಿದಾಗ ಅವಳು ಬೇಕು ಬೇಕು ಎಂದು ಲೋಟ ಮುಂದೆ ಚಾಚಿದಳು. ಹಾಗೆ ಕೇಳಿಸಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಅಷ್ಟರಲ್ಲಿ ವಿತಾಂಜೆಲೊ ಬಟ್ಟೆ ಬಿಚ್ಚಿ ತನ್ನ ಬ್ರೆಡ್ಡನ್ನು ಮೇಜಿನ ಮೇಲೆ ಪ್ರತಿಷ್ಠಾಪಿಸಿದ. ಪರಿಮಳಕ್ಕೆ ಸೋತ ಸಿಸ್ಟರು, ಎಲ್ಲರಿಗೂ ಒಂದೊಂದು ಚೂರು ಕೊಡಲೇ ಎಂದು ಕೇಳಿದಳು. ಬ್ರೆಡ್ಡನ್ನು ಹೊಗಳಿದರೆ ವಿತಾಂಜೆಲೊ ಬೇಕರಿಯನ್ನೇ ಬರೆದುಕೊಡುವವನು. ಸಿಸ್ಟರು ಕೊಯ್ದು ಮೇಜುಮೇಜಿಗೂ ಹಂಚಿದಳು.

ಒಂದು ಮಾತು ಇಲ್ಲಿ ಹೇಳಬೇಕು. ಅಲ್ತಮೂರದಲ್ಲಿ ಹಿಂದೆ ಎಲ್ಲರೂ ನಾದಿದ ಹಿಟ್ಟನ್ನು ಬೀದಿಯ ಒಂದೇ ಒಲೆಗೆ ಒಯ್ಯುತ್ತಿದ್ದರು. ಯಾರ ಬ್ರೆಡ್ಡು ಯಾರದೆಂದು ತಿಳಿಯಲು ಪ್ರತಿ ಮನೆತನವೂ ತನ್ನ ಮರದ ಅಚ್ಚು ಒತ್ತುತ್ತಿತ್ತು. ಆ ಕಾಲ ಹೋಯಿತು. ಆದರೆ ವಿತಾಂಜೆಲೊ ಈಗಲೂ ತಾತನ ಅಚ್ಚು ಒತ್ತದೆ ಬ್ರೆಡ್ಡನ್ನು ಒಲೆಗೆ ತಳ್ಳುವವನಲ್ಲ. ಕಳ್ಳತನಕ್ಕೆ ಹೊರಟವನು ಬೆನ್ನಿಗೆ ತನ್ನ ಹೆಸರಿನ ಬೋರ್ಡು ಕಟ್ಟಿಕೊಂಡು ಹೋದ ಹಾಗೆ, ಇವನು ತಲೆಮರೆಸಿಕೊಳ್ಳಲು ಮನೆತನದ ಮೊಹರು ಹೊತ್ತುಕೊಂಡು ಬಂದಿದ್ದ.

ಮೂಲೆಯ ಮೇಜಿನಲ್ಲಿ ತಲೆಗೆ ಸ್ಕಾರ್ಫು ಸುತ್ತಿ, ಕಪ್ಪು ಕನ್ನಡಕ ಹಾಕಿ, ಎಲ್ಲರಿಗೂ ಬೆನ್ನು ಮಾಡಿ ಕೂತಿದ್ದ ಒಬ್ಬ ಹೆಂಗಸು ತನ್ನ ಪಾಲಿನ ಚೂರನ್ನು ಮೂಗಿನ ಬಳಿಗೆ ಒಯ್ದಳು. ಹೊರಳಿಸಿ ಸಿಪ್ಪೆ ನೋಡಿದಳು. ಬೆರಳಿನಿಂದ ಸವರಿದಳು. ಆಮೇಲೆ ನಿಧಾನವಾಗಿ ತಿರುಗಿದಳು.

"ಇದು ನನ್ನ ತವರಿನ ಅಚ್ಚು."

ಕೊಸಿಮತ್ತೆ.

ಡೊನಾಟಾಳ ಕೈಯ ಚಮಚ ನಿಂತಿತು. ಮೂರು ತಲೆಮಾರಿನ ಮದುವೆಗಳು ಅವಳ ಕಣ್ಣ ಮುಂದೆ ಹಾದುಹೋದವು. ಗೋಡೆಯ ಮೇಲಿನ ಸಂತರೂ ಉಸಿರು ಹಿಡಿದರು.

"ಬೆನ್ನು ಹೇಗಿದೆ ಮಗಾ?" ಎಂದಳು ಅತ್ತೆ.

ವಿತಾಂಜೆಲೊನ ಕೈ ತಾನಾಗಿ ಬೆನ್ನಿಗೆ ಹೋಯಿತು. ಬೆಟ್ಟದ ಗಾಳಿಗೆ ಸ್ವಲ್ಪ ವಾಸಿ ಎಂದ. ಕಿಟಕಿಯಾಚೆ ಹಡಗೊಂದು ಕೂಗಿತು.

"ಬಣ್ಣದವರು ಹೋದ್ರಾ ಅತ್ತೆ?" ಎಂದಳು ಡೊನಾಟಾ. "ನಿನ್ನೆ ನಿಮ್ಮ ಬಾಲ್ಕನೀಲಿ ಒಬ್ಬರು ಚಡ್ಡಿ ಒಣಗಿಸ್ತಿದ್ರು."

ಈಗ ಅತ್ತೆಯ ಸರದಿ. ಕನ್ನಡಕ ತೆಗೆದಳು, ಮತ್ತೆ ಹಾಕಿದಳು, ಮತ್ತೆ ತೆಗೆದಳು. ಆಮೇಲೆ ಕುರ್ಚಿ ಎಳೆದುಕೊಂಡು ಡೊನಾಟಾಳ ಪಕ್ಕವೇ ಕುಸಿದು ಕೂತು, ಮನೆಯನ್ನು ಆಗಸ್ಟಿಗೆ ಪರದೇಶದವರಿಗೆ ಬಾಡಿಗೆಗೆ ಕೊಟ್ಟೆ ಎಂದು ಒಪ್ಪಿಕೊಂಡಳು. ಎಷ್ಟೋ ವರ್ಷದಿಂದ ಕೇಳುತ್ತಿದ್ದರಂತೆ. ಅಳಿಯನ ಸಂಸಾರ ಬರುತ್ತದೆಂದು ಕೊಡಲಾಗಿರಲಿಲ್ಲವಂತೆ. ಈ ವರ್ಷ ಅವನ ಬೆನ್ನು ಹಿಡಿದುಕೊಂಡದ್ದು ದೇವರ ದಯೆ ಎಂದು ಮೇಣದಬತ್ತಿ ಹಚ್ಚಿದ್ದಳಂತೆ. ಈ ಮಠದಲ್ಲಿ ತನ್ನನ್ನು ಯಾರೂ ಹುಡುಕುವುದಿಲ್ಲವೆಂದು ಸಿಸ್ಟರುಗಳ ಹತ್ತಿರ ಕ್ಷಮೆ ಕೇಳಿ ಬಂದಿದ್ದಳು.

"ದುಡ್ಡಿಗಲ್ಲ ಕಣೇ," ಎಂದು ಡೊನಾಟಾಳ ಕೈ ಹಿಡಿದಳು. "ಪ್ರತಿ ಆಗಸ್ಟೂ ಅರ್ಧ ಬೀದಿಗೆ ಮೀನು ಹೆರೆದು, ನಿಮಗೆಲ್ಲ ಹಾಸಿಗೆ ಹಾಸಿ ಹಾಸಿ ಸೊಂಟ ಬಿತ್ತು. ಯಾರೋ ಹಾಸಿದ ಹಾಸಿಗೇಲಿ ಒಂದು ಸಲ ಮಲಗೋಣ ಅನ್ನಿಸ್ತು."

ಡೊನಾಟಾ ಅವಳ ಮುಖವನ್ನೇ ನೋಡಿದಳು. ಇಷ್ಟು ವರ್ಷ ಒಂದೇ ಅಡುಗೆಮನೆಯಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ನಿಂತು, ಇವಳಿಗೆ ಬೇಜಾರಾದೀತೆಂದು ಅವಳು, ಅವಳಿಗೆ ಅವಮಾನವಾದೀತೆಂದು ಇವಳು ಬದನೆಕಾಯಿ ಕರಿದಿದ್ದರು. ಹಾಗಾದರೆ ತಿಂದವರು ಯಾರು? ಇಬ್ಬರೂ ಒಟ್ಟಿಗೇ ತಿರುಗಿದರು. ವಿತಾಂಜೆಲೊ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ. ಆ ಎರಡು ಜೊತೆ ಕಣ್ಣು ಕಂಡು ಚೂರಿ ಕೆಳಗಿಟ್ಟ.

ಮುಂದೆ ಅಳು, ಅಪ್ಪುಗೆ, ನಗು ಎಲ್ಲ ಆಯಿತು. ಆ ಸಂಭ್ರಮದಲ್ಲಿ ಸಿಸ್ಟರ್ ಪೆರ್ಪೆತುವಾ ನಾಳೆಯ ದೇವಮಾತೆ ಮರಿಯಮ್ಮನ ಹಬ್ಬದ ಊಟಕ್ಕೆ ಇಲ್ಲೇ ಇರಿ ಎಂದು ಕರೆದಳು. ಅಡುಗೆಯವಳು ರಜೆಗೆ ಹೋಗಿದ್ದಾಳೆ, ಹಾಗಾಗಿ ಬೇಯಿಸಿದ ಆಲೂಗಡ್ಡೆ, ಡಬ್ಬಿಯ ಮೀನು ಅಷ್ಟೇ ಎಂದು ಸಂಕೋಚದಿಂದ ಸೇರಿಸಿದಳು.

"ಮರಿಯಮ್ಮನ ಹಬ್ಬಕ್ಕೆ ಬೇಯಿಸಿದ ಆಲೂಗಡ್ಡೆ?" ಎಂದಳು ಕೊಸಿಮತ್ತೆ, ಎದೆ ಹಿಡಿದುಕೊಂಡು.

"ನಾವಿಬ್ಬರು ಇದ್ದೀವಲ್ಲ ಅತ್ತೆ."

ಇದನ್ನು ಹೇಳಿದ ಮೂರ್ಖಶಿಖಾಮಣಿ ಯಾರೆಂದು ಡೊನಾಟಾ ಸುತ್ತ ನೋಡಿದಳು. ಮಾತು ಬಂದದ್ದು ಅವಳ ಬಾಯಿಂದಲೇ. ಹೆಂಗಸರ ಬಾಯಿಗೆ ಈ ಮಾತನ್ನು ಯಾರು, ಯಾವ ವಯಸ್ಸಿನಲ್ಲಿ ತುರುಕುತ್ತಾರೋ, ಕೈ ಹಾಕಿ ಕಿತ್ತರೂ ಬರುವುದಿಲ್ಲ.

ನಾಚಿಕೆ ಎಂಬುದು ಗಂಡಸರನ್ನೂ ಒಮ್ಮೊಮ್ಮೆ ತಾಗುತ್ತದೆ. ವಿತಾಂಜೆಲೊ ಎದ್ದು, ಜನ್ಮದಲ್ಲಿ ಮೊದಲ ಸಲ ತೋಳು ಮಡಚಿ, ನಾನೂ ಬರುತ್ತೇನೆ ಎಂದ. ಡೊನಾಟಾಳಿಗೆ ಕುಣಿಯುವಷ್ಟು ಖುಷಿಯಾಯಿತು. ಸಿಸ್ಟರ್ ಪೆರ್ಪೆತುವಾ ಮೆಲ್ಲಗೆ ಅವನ ದಾರಿಗೆ ಅಡ್ಡ ನಿಂತು, ಮಠದ ಅಡುಗೆಮನೆಗೆ ಗಂಡಸರಿಗೆ ಪ್ರವೇಶವಿಲ್ಲ, ಸ್ಥಾಪಕಿಯವರ ಕಾಲದಿಂದ ಬಂದ ನಿಯಮ ಎಂದಳು. ಇಗರ್ಜಿಯ ಯಾವ ನಿಯಮವನ್ನೂ ಇಷ್ಟು ಭಕ್ತಿಯಿಂದ ಪಾಲಿಸಿರದಿದ್ದ ವಿತಾಂಜೆಲೊ ತಲೆಬಾಗಿ, ತೋಟದ ನಿಂಬೆ ಮರದ ಕೆಳಗೆ ಪತ್ರಿಕೆ ಹಿಡಿದು ಕೂತ. ಸಿಸ್ಟರೊಬ್ಬಳು ಅವನಿಗೆ ಅಲ್ಲಿಗೇ ಕಾಫಿ ಕೊಟ್ಟುಹೋದಳು.

ಹಬ್ಬದೂಟ ಎಂಥದಾಯಿತೆಂದರೆ ಮಠದ ಮದರ್ ಸುಪೀರಿಯರ್ ಮೂರು ಸಲ ಬಡಿಸಿಕೊಂಡರು, ಕೊಸಿಮತ್ತೆಯ ಕಸೂತಿಯ ಬಟ್ಟೆಯನ್ನು ಮುಖ್ಯ ಬಲಿಪೀಠಕ್ಕೇ ಹೊದಿಸಿದರು, ಕೋಣೆಯ ಬಾಡಿಗೆ ಒಂದು ಕಾಸೂ ಬೇಡವೆಂದರು. ಆ ಸುದ್ದಿ ಹೊತ್ತುಕೊಂಡು ವಿತಾಂಜೆಲೊ ಅಡುಗೆಮನೆಯ ಹೊಸ್ತಿಲ ತನಕ ಓಡಿಬಂದ. ಒಳಗೆ ಬರಲಿಲ್ಲ, ನಿಯಮ.

"ಇಡೀ ತೀರ ಹುಡುಕಿದ್ರೂ ಇದಕ್ಕಿಂತ ಅಗ್ಗದ ಹೋಟೆಲು ಸಿಗಲ್ಲ ಕಣೆ," ಎಂದ, ಉಬ್ಬಿಹೋಗಿ. "ಮುಂದಿನ ಆಗಸ್ಟಿಗೂ ಬರ್ತೀವಿ ಅಂತ ಹೇಳಿಬಿಟ್ಟೆ."

ಡೊನಾಟಾಳಿಗೆ ಮೊಣಕೈ ತನಕ ಸೋಪಿನ ನೊರೆ, ಪಕ್ಕದಲ್ಲಿ ಕೊಸಿಮತ್ತೆ ಒರೆಸಿ ಇಡುತ್ತಿದ್ದಳು, ಎದುರಿಗೆ ಇಡೀ ಮಠದ ತಟ್ಟೆಗಳು. ಅಭ್ಯಾಸಬಲದಿಂದ ತಲೆಯೆತ್ತಿ ಸಿಂಕಿನ ಮೇಲಿನ ಕಿಟಕಿಯನ್ನು ನೋಡಿದಳು. ಆಚೆ ಸುಣ್ಣ ಬಳಿದ ಗೋಡೆಯಿತ್ತು.

ಅತ್ತೆಯ ಮನೆಯ ಸಿಂಕಿನಿಂದ ಸಮುದ್ರವಾದರೂ ಕಾಣುತ್ತಿತ್ತು.