ಕಳ್ಳ ಮೆಚ್ಚಿದ ಸ್ವೆಟರ್

ಹೆಂಡತಿ: ರೀ, ಇದು ನಿಮ್ಮ ಸ್ವೆಟರ್ರೇ!

ಗಂಡ: ಮೆಲ್ಲಗೆ ಮಾತಾಡೇ. ಹಸಿರು ಸ್ವೆಟರ್ ಜಗತ್ತಿಗೆಲ್ಲ ಒಂದೇನಾ?

ಹೆಂಡತಿ: ಹಸಿರು ದಾರ ಮುಗೀತು ಅಂತ ಕುತ್ತಿಗೆಗೆ ಕಂದು ದಾರ ಹಾಕಿದೋಳು ಜಗತ್ತಲ್ಲಿ ನಾನೊಬ್ಬಳೇ. ಎಡತೋಳು ನೋಡಿ, ಮಂಡಿ ಮುಟ್ಟುತ್ತೆ.

ಗಂಡ: ಅದು ಕಲೆ ಕಣೇ. ಕಲೇಲಿ ತೋಳು ಉದ್ದಾನೇ ಇರುತ್ತೆ.

ಹೆಂಡತಿ: ಅದೇ ತೋಳಲ್ಲಿ ಮೂಗು ಒರೆಸ್ಕೊಂಡಾಗ ಈ ಜ್ಞಾನ ಎಲ್ಲಿಗೆ ಹೋಗಿತ್ತು?

ಜವಳಿ ಕಲೆಯ ಪ್ರದರ್ಶನಕ್ಕೆ ಗಂಡನನ್ನು ಎಳೆದು ತಂದವಳು ಅವಳೇ. ಗೋಡೆಯ ತುಂಬ ಹರಿದ ಬಲೆ, ಗಂಟುಬಿದ್ದ ಹಗ್ಗ. ಮನೆಯಲ್ಲಿ ಕಂಡರೆ ಗುಡಿಸಿ ಹಾಕುವವರೆಲ್ಲ ಇಲ್ಲಿ ಕೈಕಟ್ಟಿ ತಲೆದೂಗುತ್ತಿದ್ದರು. ನಟ್ಟನಡುವೆ, ಗಾಜಿನ ಪೆಟ್ಟಿಗೆಯಲ್ಲಿ, ಕಳೆದ ಚಳಿಗಾಲ ಬಸ್ಸಿನಲ್ಲಿ ಕಳುವಾಯಿತೆಂದು ಗಂಡ ಹೇಳಿದ್ದ ಸ್ವೆಟರು. ಗಂಡನ ಕಣ್ಣು ಆಗಲೇ ಬಾಗಿಲು ಹುಡುಕುತ್ತಿತ್ತು.

ಹೆಂಡತಿ: ನಾನು ಹೇಳಿರಲಿಲ್ವಾ, ಪರ್ಸು ಬಿಟ್ಟು ಸ್ವೆಟರ್ ಕದ್ದೋನು ರಸಿಕ ಅಂತ? ಬೀದಿಗೆಲ್ಲ ಹೇಳ್ಕೊಂಡು ಬಂದಿದ್ದೀನಿ!

ಗಂಡ: ಹೇಳಿದ್ದು ಸಾಕು. ನಡಿ, ಮನೆಗೆ ಹೋಗೋಣ.

ಗಲಾಟೆ ಕೇಳಿ, ಕೊರಳ ತುಂಬ ಮರದ ಮಣಿ ಹೇರಿಕೊಂಡಿದ್ದ ಕಲಾವಿದೆ ಧಾವಿಸಿ ಬಂದಳು.

ಹೆಂಡತಿ: ಇದನ್ನ ಹೆಣೆದೋಳು ನಾನು.

ಕಲಾವಿದೆ: ನೀವೇನಾ ಅಮ್ಮಾ! ಆ ತೋಳಲ್ಲಿ ಎಂಥ ಹಂಬಲ! ಕೈಗೆ ಸಿಗದ ಯಾರನ್ನೋ ತಬ್ಬೋಕೆ ಚಾಚಿದ ಹಾಗೆ!

ಹೆಂಡತಿ: ಟೀವಿ ನೋಡ್ತಾ ಹೆಣೆದೆ, ಅಳತೆ ತಪ್ಪಿತು. ಅದಿರಲಿ, ಬಸ್ಸಲ್ಲಿ ಕದ್ದಿದ್ದು ನಿಮಗೆ ಹೇಗೆ ಸಿಕ್ತು?

ಕಲಾವಿದೆ: ಯಾವ ಬಸ್ಸು? ತೆರಿಗೆ ಕಚೇರಿ ಹಿಂದಿನ ಕಸದ ತೊಟ್ಟೀಲಿತ್ತು. ಒಬ್ಬರು ಮಹಾನುಭಾವರು ಆಚೀಚೆ ನೋಡಿ, ಕಾಲಲ್ಲಿ ಒತ್ತಿ ತುರುಕಿ ಹೋದ್ರು. ಬೆನ್ನು ಮಾತ್ರ ಕಂಡಿತು.

ಗಂಡ ಗೋಡೆಗೆ ಬೆನ್ನು ಹಚ್ಚಿ ನಿಂತ.

ಹೆಂಡತಿ: ನಿಮ್ಮ ಆಫೀಸಲ್ವೇನ್ರೀ ಅದು?

ಗಂಡ: ಕಳ್ಳ ಅಲ್ಲಿಗೆ ಬಂದು ಎಸೆದಿರಬೇಕು.

ಹೆಂಡತಿ: ಓಹೋ! ಬಸ್ಸಲ್ಲಿ ಕದ್ದು, ನಿಮ್ಮ ಆಫೀಸೇ ಹುಡುಕ್ಕೊಂಡು ಬಂದು ಎಸೆದ. ಎಂಥ ಕರ್ತವ್ಯನಿಷ್ಠ! ಸಂಬಳ ಇಲ್ಲದೆ ಇಷ್ಟು ದುಡೀತಾನೆ, ನಿಮಗಿಂತ ವಾಸಿ. ಸ್ವಲ್ಪ ತಿರುಗಿ.

ಗಂಡ: ಯಾಕೆ?

ಹೆಂಡತಿ: ತಿರುಗ್ರೀ!

ತಿರುಗಿದ.

ಕಲಾವಿದೆ: ಇದೇ ಬೆನ್ನು!

ಹೆಂಡತಿಯ ಮುಖ ಸಣ್ಣದಾಯಿತು. ಬೀದಿಯೆಲ್ಲ ಹೊಗಳಿಸಿಕೊಂಡ ರಸಿಕ ಕಳ್ಳ ಇಷ್ಟು ದಿನ ಅವಳ ಮನೆಯಲ್ಲೇ ಉಂಡು ಮಲಗಿದ್ದ.

ಹೆಂಡತಿ: ಚೆನ್ನಾಗಿಲ್ಲ ಅಂತ ಒಂದು ಮಾತು ಹೇಳೋಕಾಗ್ತಿರಲಿಲ್ವಾ?

ಗಂಡ: ನಿನಗೆ ಬೇಜಾರಾಗುತ್ತೆ ಅಂತ...

ಹೆಂಡತಿ: ಅದಕ್ಕೇ ಕಾಲಲ್ಲಿ ಒತ್ತಿದ್ರಾ? ಬೆಣ್ಣೆಯಂಥ ಮನಸ್ಸು!

ಮಾತು ಬದಲಿಸಲು ಕಲಾವಿದೆ ಗಾಜಿನ ಕೆಳಗಿನ ಫಲಕ ತೋರಿಸಿದಳು. ಅವಳ ಹೆಸರು ದಪ್ಪಕ್ಷರದಲ್ಲಿತ್ತು. ಅದರಡಿ ಇರುವೆಸಾಲಿನಂತೆ: ‘ಹೆಣೆದವರು: ಅನಾಮಿಕೆ.’

ಕಲಾವಿದೆ: ಈಗಲೇ ನಿಮ್ಮ ಹೆಸರು ಸೇರಿಸ್ತೀನಿ ಅಮ್ಮಾ.

ಹೆಂಡತಿ: ಚಳಿಗಾಲಕ್ಕೆ ಮುಂಚೆ ಮುಗೀಬೇಕು ಅಂತ ಕತ್ತು ನೋಯಿಸ್ಕೊಂಡು ಹೆಣೆದೋಳು ಇರುವೆ, ಕಸದಿಂದ ಎತ್ತಿದೋರು ಆನೆ. ಹಾಗಾದ್ರೆ ದಿನಾ ಬೀದಿ ಕಸ ಎತ್ತೋರ ಹೆಸರು ಯಾವ ಅಕ್ಷರದಲ್ಲಿ ಬರೀತೀರಿ ತಾಯಿ?

ಕಲಾವಿದೆ ಮಣಿ ಎಣಿಸತೊಡಗಿದಳು.

ಕಲಾವಿದೆ: ನಿಮ್ಮ ಹೆಸರೇ ಮೇಲೆ ಇರಲಿ.

ಹೆಂಡತಿ: ಇರಲಿ. ಕೆಳಗೆ ಇನ್ನೊಂದು ಸಾಲು ಹಾಕಿ: ‘ಕಾಲಲ್ಲಿ ಒತ್ತಿ ತುರುಕಿದವರು.’ ಮುಂದೆ ಇವರ ಹೆಸರು, ಹುದ್ದೆ ಸಮೇತ.

ಗಂಡ: ಮಾರಾಯ್ತಿ, ನಾಳೆ ನಮ್ಮ ಆಫೀಸಿನವರೆಲ್ಲ ಇಲ್ಲಿಗೆ ಬರ್ತಾರೆ ಕಣೇ!

ಹೆಂಡತಿ: ಹೌದಾ? ತಾಯಿ, ಇವರದ್ದೇ ಎಲ್ಲಕ್ಕಿಂತ ದಪ್ಪಕ್ಕೆ ಬರೆಸಿ. ಇವರ ಸಾಹೇಬರಿಗೆ ಕಣ್ಣು ಸ್ವಲ್ಪ ಮಂಜಂತೆ.